ರೆಪ್ಪೆಯ ಒತ್ತುವರಿ ತೆರವು

ಐವತ್ತು ದಾಟಿದ ಮೇಲಿನ ನನ್ನ ಆಯುಷ್ಯವೆಲ್ಲ ‘ನಾನು ಎಚ್ಚರವಾಗಿದ್ದೇನೆ’ ಎಂದು ಕಂಡಕಂಡವರಿಗೆ ರುಜುವಾತು ಮಾಡುವುದರಲ್ಲೇ ಹೋಯಿತು. ಆಫೀಸಿನ ಮೀಟಿಂಗಿನಲ್ಲಿ ಮೇಲಧಿಕಾರಿ ಮಾತು ನಿಲ್ಲಿಸಿ, “ಅವರನ್ನ ಸ್ವಲ್ಪ ತಟ್ಟಿ ಎಬ್ಬಿಸ್ರಪ್ಪ” ಅನ್ನುವರು. ನಾನೋ ಅವರ ಮಾತನ್ನು ಒಂದಕ್ಷರ ಬಿಡದೆ ಡೈರಿಗೆ ಇಳಿಸಿಕೊಳ್ಳುತ್ತಿರುತ್ತೇನೆ. ನಿಜವಾಗಿ ತೂಕಡಿಸಿದ ಮೀಟಿಂಗುಗಳೂ ಇಲ್ಲವೆಂದಲ್ಲ. ಆ ದಿನಗಳಲ್ಲಿ ಯಾರೂ ಚಕಾರವೆತ್ತಿಲ್ಲ. ಬಸ್ಸಿನಲ್ಲಿ ಪಕ್ಕದವರು ‘ಇವನ ತಲೆ ಯಾವಾಗ ನನ್ನ ಹೆಗಲಿಗೆ ಬೀಳುತ್ತದೋ’ ಎಂದು ಮುದುಡಿ ಕೂರುತ್ತಾರೆ. ದೇವಸ್ಥಾನದಲ್ಲಿ ಮಾತ್ರ ನನಗೆ ಒಳ್ಳೆಯ ಹೆಸರಿದೆ. ನಿಂತಲ್ಲೇ ಧ್ಯಾನಕ್ಕೆ ಇಳಿದುಬಿಡುತ್ತಾರೆ ಅಂತ.

ಷಡ್ಡಕನ ಮಗಳ ಮದುವೆಯ ಆಲ್ಬಮ್ಮಿನಲ್ಲಿ ನಾನು ಹನ್ನೊಂದು ಫೋಟೋದಲ್ಲಿದ್ದೇನೆ. ಹತ್ತರಲ್ಲಿ ಧ್ಯಾನಸ್ಥ. ಹನ್ನೊಂದನೆಯದರಲ್ಲಿ ಫೋಟೋದ ಹುಡುಗ “ಅಂಕಲ್, ಕಣ್ಣು ಬಿಡಿ” ಎಂದು ಮೂರು ಸಲ ಕೂಗಿ, ನಾನು “ಬಿಟ್ಟೇ ಇದೀನಪ್ಪ” ಎಂದು ಮೂರು ಸಲ ಕೂಗಿ, ಕೊನೆಗೆ ಅವನು ಕಂಪ್ಯೂಟರಿನಲ್ಲಿ ಬೇರೆ ಯಾರದ್ದೋ ಕಣ್ಣು ತಂದು ನನಗೆ ಅಂಟಿಸಿದ್ದ. ಅದು ಷಡ್ಡಕನ ಕಣ್ಣು. ಹೀಗಾಗಿ ಆ ಫೋಟೋದಲ್ಲಿ ನನ್ನ ಹೆಂಡತಿಯನ್ನು ನಾನು ಷಡ್ಡಕನ ಕಣ್ಣಿನಿಂದ ನೋಡುತ್ತಿದ್ದೇನೆ. “ಇದೊಂದರಲ್ಲಿ ಚೆನ್ನಾಗಿ ಬಂದಿದೀರಿ” ಎಂದು ಅವಳು ಅದಕ್ಕೇ ಫ್ರೇಮು ಹಾಕಿಸಿದಳು.

ಈ ರೆಪ್ಪೆ ನನ್ನ ಸ್ವಯಾರ್ಜಿತವಲ್ಲ, ಪಿತ್ರಾರ್ಜಿತವೂ ಅಲ್ಲ. ತಾಯಿಯ ಕಡೆಯಿಂದ ಬಂದದ್ದು. ಕೆ.ಆರ್. ನಗರದ ಹತ್ತಿರ ತಾತನಿಗೆ ನಾಲೆ ನೀರಿನ ಗದ್ದೆಯಿತ್ತು, ಜೊತೆಗೆ ಹುಬ್ಬಿನಿಂದ ಕಣ್ಣಮೇಲೆ ಚಪ್ಪರದಂತೆ ಇಳಿಬಿದ್ದ ರೆಪ್ಪೆಯಿತ್ತು. ಗದ್ದೆ ಸೋದರಮಾವನಿಗೆ ಹೋಯಿತು. ರೆಪ್ಪೆ ಅಮ್ಮನ ಮೂಲಕ ನನಗೆ ಬಂತು, ಅದೂ ಯಾರೂ ತಕರಾರು ತೆಗೆಯದೆ.

ಎಂಬತ್ತೊಂದರ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತಿಳಿಸಬೇಕು. ಈಗ ಅದಕ್ಕೆ ಬ್ಯಾಂಕಿಗೆ ಹೋಗಬೇಕಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ರೆಪ್ಪೆ ಬಡಿದರೆ ಸಾಕು, ಜೀವನ್ ಪ್ರಮಾಣ್ ಸಿದ್ಧ. ಆದರೆ ರೆಪ್ಪೆ ಬಡಿಯಲು ಮೊದಲು ಅದು ಮೇಲೆ ಇರಬೇಕಲ್ಲ? ಮೊಬೈಲು ‘ಕಣ್ಣು ಮಿಟುಕಿಸಿ’ ಅನ್ನುತ್ತದೆ, ಅಮ್ಮ ಮಿಟುಕಿಸುತ್ತಾಳೆ, ಮೊಬೈಲಿಗೆ ಗೊತ್ತೇ ಆಗುವುದಿಲ್ಲ. ಕಳೆದ ನವೆಂಬರಿನಲ್ಲಿ ಎಡಗಣ್ಣಿನ ರೆಪ್ಪೆಯನ್ನು ನಾನೂ ಬಲಗಣ್ಣಿನದ್ದನ್ನು ನನ್ನ ಹೆಂಡತಿಯೂ ಎತ್ತಿ ಹಿಡಿದು, “ಹ್ಞಾಂ, ಈಗ ಬಡೀರಿ ಅತ್ತೆ” ಎಂದು ಒಟ್ಟಿಗೆ ಬಿಟ್ಟು, ಆರನೇ ಸಲಕ್ಕೆ ಅಮ್ಮ ಬದುಕಿದ್ದಾಳೆಂದು ಸರ್ಕಾರ ಒಪ್ಪಿತು. ಆಮೇಲೆ ಕುತೂಹಲಕ್ಕೆ ನನ್ನ ಮುಖವನ್ನೂ ತೋರಿಸಿದೆ. ನನ್ನನ್ನು ಅದು ಒಪ್ಪಲೇ ಇಲ್ಲ.

ಅದೇ ವಾರ ಕನ್ನಡಕದ ನಂಬರು ಬದಲಾಗಿರಬಹುದೆಂದು ಕಣ್ಣಾಸ್ಪತ್ರೆಗೆ ಹೋದೆವು. ಅಮ್ಮನಿಗೂ ತೋರಿಸೋಣವೆಂದು ಜೊತೆಗೆ ಕರೆದುಕೊಂಡೆವು. ನನ್ನ ಮಗಳ ವಯಸ್ಸಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದಾದ ಡಾಕ್ಟರಮ್ಮ ನನ್ನ ಮುಖ ನೋಡಿ, “ಸರ್, ನಂಬರು ಸರಿಯಾಗೇ ಇದೆ. ಕನ್ನಡಕದ ಹಿಂದೆ ಕಣ್ಣೇ ಇಲ್ಲ” ಅಂದಳು. ಆಮೇಲೆ ಸಮಾಧಾನವಾಗಿ ವಿವರಿಸಿದಳು. ಮೈಯಲ್ಲೆಲ್ಲ ಅತಿ ತೆಳು ಚರ್ಮವೆಂದರೆ ರೆಪ್ಪೆಯದು, ಒಂದು ಮಿಲಿಮೀಟರು ದಪ್ಪವೂ ಇಲ್ಲ. ನಿಮಿಷಕ್ಕೆ 15–20 ಸಲ ಮಡಿಸಿ ಬಿಚ್ಚುವ ಬಟ್ಟೆ ಎಷ್ಟು ವರ್ಷ ಬಿಗಿಯಾಗಿದ್ದೀತು? ವಯಸ್ಸಾದಂತೆ ಬಿಗಿ ಸಡಿಲಿ, ಹಿಂದಿನ ಕೊಬ್ಬು ಮುಂದಕ್ಕೆ ತಳ್ಳಿ, ಜೋತುಬೀಳುತ್ತದೆ. “ರೆಪ್ಪೆ ಎತ್ತುವ ಸ್ನಾಯುವೇ ಸೋತಿದ್ದರೆ ಅದು ಬೇರೆ. ಇದ್ದಕ್ಕಿದ್ದಂತೆ ಒಂದೇ ರೆಪ್ಪೆ ಬಿದ್ದುಬಿಟ್ಟರಂತೂ ನರದ ತೊಂದರೆ ಇರಬಹುದು, ತಕ್ಷಣ ಓಡಿಬರಬೇಕು. ನಿಮ್ಮದು ಹಾಗಲ್ಲ. ಅಂಗಡಿ ಷಟರು ಸರಿಯಾಗಿದೆ, ಮುಂದೆ ಕಟ್ಟಿದ ಟಾರ್ಪಾಲು ಇಳಿಬಿದ್ದಿದೆ, ಅಷ್ಟೆ.”

ಇಷ್ಟು ಹೇಳಿ ಅಮ್ಮನ ಕಡೆ ತಿರುಗಿದಳು. “ನೋಡಿ, ಅಜ್ಜಿ ಹೇಗೆ ಕೂತಿದ್ದಾರೆ. ಗಲ್ಲ ಮೇಲೆತ್ತಿ, ಹುಬ್ಬು ಏರಿಸಿ. ರೆಪ್ಪೆಯ ಅಡಿಯಿಂದ ನೋಡೋದಕ್ಕೆ ಹಾಗೆ ಮಾಡ್ತಾರೆ. ಇಂಥವರೆಲ್ಲ ಹಾಗೇ, ಅವರಿಗೇ ಗೊತ್ತಿರಲ್ಲ.”

ನನ್ನ ಹೆಂಡತಿ ಕುರ್ಚಿಯ ತುದಿಗೆ ಬಂದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಮನೆ ತುಂಬಿಸಿಕೊಂಡ ದಿನ ಸೇರು ಒದ್ದು ಒಳಗೆ ಬಂದು ತಲೆಯೆತ್ತಿ ನೋಡಿದಾಗ ಅತ್ತೆ ಗಲ್ಲ ಮೇಲೆತ್ತಿ, ಹುಬ್ಬೇರಿಸಿ, ಅರೆಗಣ್ಣಿನಲ್ಲಿ ತನ್ನನ್ನು ಅಳೆಯುತ್ತ ನಿಂತಿದ್ದರಂತೆ. ಅವತ್ತು ಮನಸ್ಸಿಗೆ ನೆಟ್ಟ ಮುಳ್ಳು ಅದು. ‘ಏನು ಗತ್ತು, ಏನು ಠೇಂಕಾರ’ ಎಂದು ತವರಿನಲ್ಲಿ, ನೆಂಟರಲ್ಲಿ, ನನ್ನಲ್ಲಿ, ನಾನು ಮಲಗಿದ ಮೇಲೆ ನನ್ನ ಬೆನ್ನಿನಲ್ಲಿ ಹೇಳಿಕೊಂಡು ಬಂದ ಗತ್ತು ಇದು. ಈಗ ನೋಡಿದರೆ ಚರ್ಮ! ಆಟೋದಲ್ಲಿ ಹಿಂದಿರುಗುವಾಗ ಅವಳು ತುಟಿ ಬಿಚ್ಚಲಿಲ್ಲ. ಮನೆ ಹತ್ತಿರ ಬಂದಾಗ, “ಅತ್ತೇಗೆ ಗತ್ತೂ ಇತ್ತು ಬಿಡಿ. ಎಲ್ಲಾನೂ ಚರ್ಮದ ಮೇಲೆ ಹಾಕಕ್ಕಾಗಲ್ಲ” ಅಂದಳು.

ಜೋತುಬಿದ್ದ ಚರ್ಮವನ್ನು ಕತ್ತರಿಸಿ ತೆಗೆಯಬಹುದೆಂದು ಡಾಕ್ಟರಮ್ಮ ಹೇಳಿದ್ದಳು. ಅಮ್ಮ ಆಪರೇಷನ್ ಖಡಾಖಂಡಿತ ಬೇಡವೆಂದಳು. “ನನಗೆ ಕಾಣಬೇಕಾದ್ದೆಲ್ಲ ಕಾಣುತ್ತೆ.” ಹೀಗೆ ಮೇಜಿನ ಮೇಲೆ ಉಳಿದವನು ನಾನು.

ಈಗ ನನ್ನ ವೃತ್ತಿಯ ವಿಷಯ ಹೇಳದೆ ವಿಧಿಯಿಲ್ಲ. ನಾನು ಇಪ್ಪತ್ತೆಂಟು ವರ್ಷದಿಂದ ವಿಮಾ ಕಂಪನಿಯೊಂದರಲ್ಲಿ ಕ್ಲೇಮು ವಿಭಾಗದವನು. ಅಂದರೆ ಜನ ಕಷ್ಟದಲ್ಲಿದ್ದಾಗ ‘ಇದು ಬರೋದಿಲ್ಲ’ ಎಂದು ವಿನಯದಿಂದ ಹೇಳುವ ಕೆಲಸ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳ ಆರೋಗ್ಯ ವಿಮೆಗೂ ‘ಏನೇನು ಬರೋದಿಲ್ಲ’ ಎಂಬ ಪಟ್ಟಿಗೆ ಒಂದೇ ಭಾಷೆ, ಒಂದೇ ನಂಬರು ಗೊತ್ತುಮಾಡಿತು. ಅದರಲ್ಲಿ 08ನೆಯದು ಸೌಂದರ್ಯ ಚಿಕಿತ್ಸೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರ ರೂಪ ಸರಿಪಡಿಸುವುದಾದರೆ ಸರಿ. ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇರಬೇಕು. ಬರೀ ಚಂದ ಕಾಣುವುದಕ್ಕಾದರೆ ನಯಾಪೈಸೆಯಿಲ್ಲ. ಈ 08 ನನಗೆ ಸಂಧ್ಯಾವಂದನೆಯಷ್ಟು ಬಾಯಿಪಾಠ. ಎಷ್ಟೋ ಜನರ ಮುಂದೆ ರೆಪ್ಪೆ ಅಲುಗಿಸದೆ ಪಠಿಸಿದ್ದೇನೆ. (ಅಲುಗಿಸಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.)

ಹಾಗಾಗಿ ನನ್ನದು ಸೌಂದರ್ಯವಲ್ಲ, ದೃಷ್ಟಿ ಎಂದು ಸಾಬೀತಾಗಬೇಕಿತ್ತು. ಅದಕ್ಕೆ ಪೆರಿಮೆಟ್ರಿ ಎಂಬ ಪರೀಕ್ಷೆಯಿದೆ. ಬಿಳಿ ಬಾಣಲೆಯನ್ನು ಗೋಡೆಗೆ ಒರಗಿಸಿಟ್ಟಂಥ ಯಂತ್ರ. ಅದರೊಳಗೆ ಮುಖವಿಟ್ಟು, ಗಲ್ಲವನ್ನು ಆಸರೆಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಎಲ್ಲೆಲ್ಲೋ ಮಿಣುಕು ದೀಪ ಹೊತ್ತಿ ಆರುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಒಂದು ಸಲ ರೆಪ್ಪೆ ಇದ್ದಂತೆ, ಇನ್ನೊಂದು ಸಲ ರೆಪ್ಪೆಯನ್ನು ಟೇಪಿನಿಂದ ಹುಬ್ಬಿಗೆ ಎತ್ತಿ ಅಂಟಿಸಿ. ಎರಡರ ನಡುವಿನ ವ್ಯತ್ಯಾಸವೇ ಸಾಕ್ಷಿ.

ಇಪ್ಪತ್ತೆಂಟು ವರ್ಷ ಸುಳ್ಳು ಕ್ಲೇಮು ಹಿಡಿದವನಿಗೆ ಆ ಬಾಣಲೆಯೊಳಗೆ ದುರ್ಬುದ್ಧಿ ಬಂತು. ಮೊದಲ ಸುತ್ತಿನಲ್ಲಿ ಕಂಡದ್ದಕ್ಕೂ ಗುಂಡಿ ಒತ್ತದೆ ಕೂತೆ. ಕೇಸು ಗಟ್ಟಿಯಾಗಲಿ ಅಂತ. ಆದರೆ ಆ ಯಂತ್ರ ನಮ್ಮ ವಿಭಾಗದಲ್ಲಿ ಇರಬೇಕಾದದ್ದು. ಮೊದಲೇ ಕಂಡ ಜಾಗದಲ್ಲಿ ಇನ್ನಷ್ಟು ಜೋರಾದ ದೀಪ ಹೊತ್ತಿಸುತ್ತದಂತೆ. ಆಗಲೂ ಒತ್ತದಿದ್ದರೆ ‘ಈತ ನಂಬಿಕಸ್ಥನಲ್ಲ’ ಎಂದು ಗುರುತು ಹಾಕಿಕೊಳ್ಳುತ್ತದಂತೆ. ಸುಮ್ಮನೆ ಒತ್ತುವವರನ್ನು ಹಿಡಿಯಲು ದೀಪವಿಲ್ಲದೆಯೂ ಕಾಯುತ್ತದಂತೆ. ಕಣ್ಣಿನಲ್ಲಿ ಹುಟ್ಟಾ ಕುರುಡಾದ ಒಂದು ಚುಕ್ಕೆ ಎಲ್ಲರಿಗೂ ಇರುತ್ತದೆ. ಬೇಕೆಂದೇ ಅಲ್ಲಿಗೂ ದೀಪ ಹಾಕಿ, ಒತ್ತಿದರೆ ‘ಇವನು ನೇರ ನೋಡುತ್ತಿಲ್ಲ’ ಎಂದು ತಿಳಿಯುತ್ತದಂತೆ. ಪರೀಕ್ಷೆ ಮಾಡುವ ಹುಡುಗಿ ಕಾಗದ ನೋಡಿ, “ಸರ್, ನಿದ್ದೆ ಮಾಡ್ಬಿಟ್ರಾ?” ಎಂದು ಕೇಳಿದಳು. ಜೀವನದಲ್ಲಿ ಮೊದಲ ಸಲ ನಾನು “ಹೌದಮ್ಮ” ಎಂದು ಒಪ್ಪಿಕೊಂಡೆ.

ಎರಡನೇ ಸಲ ಪ್ರಾಮಾಣಿಕವಾಗಿ ಮಾಡಿದೆ. ಮೋಸದ ಅಗತ್ಯವೇ ಇರಲಿಲ್ಲ: ಮೇಲ್ಭಾಗವೆಲ್ಲ ಅಮಾವಾಸ್ಯೆ. ಟೇಪು ಹಚ್ಚಿದಾಗ ಬೆಳಗಾಯಿತು. ನಾನು ಆ ಕಾಗದವನ್ನು ಮನೆಗೆ ತಂದು ವಿಜಯಪತಾಕೆಯಂತೆ ಹಿಡಿದೆ. ಯಾಕೆಂದರೆ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಒಂದು ಹಳೇ ಮೊಕದ್ದಮೆಯಿದೆ. “ಮೇಲೆ ಜೇಡರ ಬಲೆ ಕಟ್ಟಿದೆ, ಫ್ಯಾನಿನ ರೆಕ್ಕೆಯಲ್ಲಿ ಧೂಳು ಕೂತಿದೆ, ಕಾಣಲ್ವಾ ನಿಮಗೆ?” ಎಂದು ಹೆಂಡತಿ, “ಎಲ್ಲಿ? ನನಗೇನೂ ಕಾಣ್ತಿಲ್ಲ” ಎಂದು ನಾನು. ಅವಳದನ್ನು ಸೋಮಾರಿತನವೆಂದು ತೀರ್ಪು ಕೊಟ್ಟಿದ್ದಳು. “ನೋಡು, ಮೇಲಿನದ್ದು ನನಗೆ ಕಾಣೋದೇ ಇಲ್ಲ. ಯಂತ್ರವೇ ಬರೆದುಕೊಟ್ಟಿದೆ.” ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನಾಲ್ಕು ಮಡಿಕೆ ಮಾಡಿ, ಸಾಸಿವೆ ಡಬ್ಬದ ಕೆಳಗೆ ಇಟ್ಟಳು. ಅಲ್ಲಿ ಅವಳು ಇಡುವುದು ಮುಂದೆ ಬೇಕಾಗುವ ಕಾಗದಗಳನ್ನು ಮಾತ್ರ.

ಕ್ಲೇಮು ಹಾಕುವ ಮೊದಲು ಕೇಳಿ ನೋಡೋಣವೆಂದು, ನಾನೇ ತಿದ್ದಿ ತೀಡಿ ಬೆಳೆಸಿದ ಹುಡುಗನ ಮುಂದೆ ಕೂತೆ.

“ಸರ್, ಮೇಲಿನದ್ದು ಕಾಣದಿದ್ರೆ ತಕ್ಷಣದ ಅಪಾಯ ಏನು ಸರ್?”

ಯೋಚಿಸಿದೆ. “ತೆಂಗಿನಕಾಯಿ.”

“ಮನೇಲಿ ತೆಂಗಿನಮರ ಇದೆಯಾ ಸರ್?”

“ಪಕ್ಕದ ಮನೇದು. ನಮ್ಮ ಕಡೆ ವಾಲಿದೆ.”

“ಹಾಗಾದ್ರೆ ಅದು ಥರ್ಡ್ ಪಾರ್ಟಿ ಸರ್” ಅಂದ. ಗುರುವನ್ನು ಮೀರಿಸಿದ ಶಿಷ್ಯ. ಆಮೇಲೆ ವಿನಯದಿಂದ, ನಾನು ಕಲಿಸಿದ ಅದೇ ರಾಗದಲ್ಲಿ, 08 ಪಠಿಸಿದ. ಕೇಳುವ ಕಡೆ ಕೂತಾಗ ಅದು ಎಷ್ಟು ಉದ್ದವೆಂದು ಅವತ್ತೇ ಗೊತ್ತಾದದ್ದು.

ಆಸ್ಪತ್ರೆಯವರು ಎರಡೂ ಕಣ್ಣಿಗೆ ಸೇರಿ 60,000 ಹೇಳಿದರು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. “ಚಿಕಿತ್ಸೆಗೆ ತೆರಿಗೆ ಇಲ್ಲ ಅಲ್ವೇನಮ್ಮ?” ಎಂದೆ. ಕೌಂಟರಿನ ಹುಡುಗಿ, “ಚಿಕಿತ್ಸೆಗಿಲ್ಲ ಸರ್, ಕೂದಲು ನಾಟಿಗೆ, ಕಾಸ್ಮೆಟಿಕ್ಕಿಗೆ ಇದೆ” ಅಂದಳು. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ಊನ, ಪೆಟ್ಟು, ಗಾಯ — ಇವಕ್ಕೆ ವಿನಾಯಿತಿ. ವಯಸ್ಸಾಗುವುದು ಆ ಪಟ್ಟಿಯಲ್ಲಿಲ್ಲ. ಅದೊಂದು ನಾವು ಶೋಕಿಗೆ ಮಾಡಿಕೊಳ್ಳುವ ಕೆಲಸ. 10,800 ರೂಪಾಯಿ ಸೇರಿಸಿ 70,800.

ಇಷ್ಟು ದುಡ್ಡಿನ ವಿಷಯವೆಂದ ಮೇಲೆ ಮನೆಯಲ್ಲಿ ಸಭೆ ಸೇರದಿರುತ್ತದೆಯೇ? ಬೆಂಗಳೂರಿನಿಂದ ಮಗಳು ವಿಡಿಯೋದಲ್ಲಿ ಬಂದಳು. ಭಾವಮೈದ ಕರೆಯದೆಯೇ ಬಂದ. ಮಗಳು ‘ಬ್ಲೆಫರೋಪ್ಲಾಸ್ಟಿ’ ಎಂದು ಹೆಸರು ಹೇಳಿದ ಕೂಡಲೇ ಅಮ್ಮ ಬೆಚ್ಚಿದಳು. “ಕಣ್ಣಿಗೆ ಪ್ಲಾಸ್ಟಿಕ್ ಹಾಕ್ತಾರೇನೇ? ಸರ್ಕಾರದೋರು ಪ್ಲಾಸ್ಟಿಕ್ಕು ನಿಲ್ಲಿಸಿ ಎಷ್ಟೋ ವರ್ಷ ಆಯ್ತಲ್ಲ!” 2016ರ ನಿಷೇಧವನ್ನು ನಮ್ಮ ಬೀದಿಯಲ್ಲಿ ನಿಷ್ಠೆಯಿಂದ ಪಾಲಿಸುತ್ತಿರುವವಳು ಅವಳೊಬ್ಬಳೇ. ಅಚ್ಚಿಗೆ ತರುವುದು, ರೂಪಕ್ಕೆ ತಿದ್ದುವುದು ಎಂಬ ಗ್ರೀಕ್ ಮಾತಿದು, ನಮ್ಮ ಬಕೆಟ್ಟು ಹುಟ್ಟುವುದಕ್ಕೂ ಮುಂಚಿನದು; 1818ರಲ್ಲೇ ಗ್ರೇಫೆ ಎಂಬ ಜರ್ಮನ್ ವೈದ್ಯ ಈ ಹೆಸರು ಬಳಸಿದ ಎಂದೆಲ್ಲ ಮಗಳು ಬಿಡಿಸಿ ಹೇಳಿದಳು. ಅಮ್ಮ ಕೊನೆಗೆ, “ಆಯ್ತು, ತಿರುಗಿ ತೊಳೆಯೋ ಹಾಗಿದ್ರೆ ಸರಿ” ಎಂದು ಅರೆಮನಸ್ಸಿನಿಂದ ಒಪ್ಪಿದಳು.

ಭಾವಮೈದನದು ಒಂದೇ ಸಿದ್ಧಾಂತ: ಏನೇ ಹೇಳಿ, ಅದನ್ನು ನಮ್ಮವರು ಎರಡೂವರೆ ಸಾವಿರ ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾರೆ. “ಭಾವ, ಸುಶ್ರುತ ಮಾಡಿದ್ದು ಇದೇ!” ವಿಮಾನದಿಂದ ಹಿಡಿದು ಇಡ್ಲಿ ಕುಕ್ಕರಿನವರೆಗೆ ಅವನು ಹೇಳಿದ್ದೆಲ್ಲ ಹುಸಿಯಾಗಿತ್ತಾದ್ದರಿಂದ ಈ ಸಲವೂ ಬೀಳಿಸುವ ಹುಮ್ಮಸ್ಸಿನಲ್ಲಿ ಹುಡುಕಿ ಓದಿದೆ. ಮುಖಭಂಗವಾಯಿತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ, ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣು ಚುಚ್ಚುವ ಕಾಯಿಲೆಗೆ ಹುಬ್ಬಿಗೂ ರೆಪ್ಪೆಗೂದಲಿಗೂ ನಡುವಿನ ಚರ್ಮವನ್ನು ಜವೆಗೋಧಿಯ ಕಾಳಿನ ಆಕಾರಕ್ಕೆ ಕತ್ತರಿಸಿ ತೆಗೆದು, ಕೂದಲಿನಿಂದ ಹೊಲಿದು, ಜೇನು ತುಪ್ಪ ಹಚ್ಚುವ ಕ್ರಮ ಹೇಳಿದೆ. ನಮ್ಮ ಡಾಕ್ಟರಮ್ಮ ಬರೆದು ತೋರಿಸಿದ ಚಿತ್ರವೂ ಥೇಟು ಅದೇ ಕಾಳು. ದಾರ ಮಾತ್ರ ನೈಲಾನು, ಅದೂ ಕೂದಲೆಳೆಯಷ್ಟೇ ಸಣ್ಣದು. ಭಾವಮೈದನ ಮಾತು ನಿಜವಾದ ಆ ದಿನ ಅವನಿಗೇ ನಂಬಿಕೆ ಬರದೆ ಎರಡು ಲೋಟ ಕಾಫಿ ಕುಡಿದ.

ಮಗಳು ನನ್ನ ಪರ. ಸೌಂದರ್ಯ ಶಸ್ತ್ರವೈದ್ಯರ ಅಂತಾರಾಷ್ಟ್ರೀಯ ಸಂಘದ ಲೆಕ್ಕದಂತೆ 2024ರಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ನಡೆದ ಸೌಂದರ್ಯ ಶಸ್ತ್ರಚಿಕಿತ್ಸೆ ರೆಪ್ಪೆಯದೇ, 21 ಲಕ್ಷಕ್ಕೂ ಮೇಲೆ. “ಅಪ್ಪ, ನಾಚಿಕೋಬೇಡ, ಎಲ್ಲಾರೂ ಮಾಡಿಸ್ಕೋತಾರೆ.” “ಅದು ಸೌಂದರ್ಯಕ್ಕೆ ಮಾಡಿಸೋರ ಲೆಕ್ಕ ಕಣೇ, ನನ್ನದು ದೃಷ್ಟಿಗೆ” ಎಂದೆ, ಎಲ್ಲರಿಗೂ ಕೇಳುವಂತೆ. ಹೆಂಡತಿ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆಯೆತ್ತಲಿಲ್ಲ.

ತಲೆಯೆತ್ತದ್ದಕ್ಕೆ ಕಾರಣವಿತ್ತು. ಹಿಂದಿನ ದಿನ ಆಸ್ಪತ್ರೆಯಲ್ಲಿ ಅವಳು ನೀರು ತರಲು ಹೋದಾಗ ನಾನು ಡಾಕ್ಟರಮ್ಮನ ಕಡೆ ಬಗ್ಗಿ, ಸಣ್ಣ ದನಿಯಲ್ಲಿ, “ಕೆಳಗಿನ ಚೀಲಾನೂ ತೆಗೀಬಹುದಾಮ್ಮ?” ಎಂದು ಕೇಳಿಬಿಟ್ಟಿದ್ದೆ. ಮೇಲಿನ ರೆಪ್ಪೆ ದೃಷ್ಟಿಗೆ ಅಡ್ಡ ಬರುತ್ತದೆ, ನಿಜ. ಕಣ್ಣ ಕೆಳಗಿನ ಚೀಲ ಯಾರ ದೃಷ್ಟಿಗೆ ಅಡ್ಡ ಬರುತ್ತದೆ? ಅದು ಎದುರಿಗಿರುವವರ ದೃಷ್ಟಿಗೆ. ಕೆಳಗೆ ಕೊಬ್ಬಿನ ಗಂಟು ಮೂರಿರುತ್ತವೆ, ಅವನ್ನು ಹಿಡಿದಿಟ್ಟ ಪೊರೆ ಸಡಿಲವಾಗಿ ಉಬ್ಬುತ್ತವೆ, ಒಳಗಿನಿಂದಲೇ ತೆಗೆಯಬಹುದು, ಹೊರಗೆ ಹೊಲಿಗೆಯೂ ಕಾಣುವುದಿಲ್ಲ ಎಂದು ಆಕೆ ಉತ್ಸಾಹದಿಂದ ವಿವರಿಸುತ್ತಿದ್ದಾಗ ನೀರಿನ ಬಾಟಲು ಹಿಡಿದ ನೆರಳು ಬಾಗಿಲಲ್ಲಿ ನಿಂತಿತ್ತು. “ಮೇಲಿನದು ಸಾಕು ಡಾಕ್ಟ್ರೇ” ಅಂದಿತು ನೆರಳು. “ಇವರು ಕೆಳಗೆ ನೋಡ್ಕೊಂಡು ಓಡಾಡೋದೇ ವಾಸಿ.”

ನಿಜ ಹೇಳುತ್ತೇನೆ. ಆಸೆಯಿತ್ತು. ಷಡ್ಡಕ ನನಗಿಂತ ಎರಡು ವರ್ಷ ದೊಡ್ಡವನು, ಅವನ ಕಣ್ಣು ಮಾತ್ರ ಹುಣಸೆಬೀಜದ ಹಾಗೆ ಮಿಂಚುತ್ತದೆ. ಗೋಡೆಯ ಮೇಲೆ, ನನ್ನದೇ ಮುಖದಲ್ಲಿ, ಅದನ್ನು ದಿನಾ ನೋಡಬೇಕು.

ಡಿಸೆಂಬರು ನಡುವಿಗೆ ದಿನ ಗೊತ್ತಾಯಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕೆಂದರು. ಮೀನೆಣ್ಣೆ ಕ್ಯಾಪ್ಸೂಲು ಕೂಡ ಬೇಡವೆಂದಾಗ ಅಮ್ಮನ ಮುಂದೆ ನನ್ನ ಆರು ತಿಂಗಳ ಗುಟ್ಟು ರಟ್ಟಾಯಿತು. ಅವಳದು ಮೀನಿನ ಹೆಸರೆತ್ತದ ಮಡಿ. “ಎಣ್ಣೆ ಬೇಕಿದ್ರೆ ಹರಳೆಣ್ಣೆ ಇರಲಿಲ್ವೇನೋ?” ಎಂದಳು. ಪಾಪ, ತನ್ನ ಪಾಲಿನದೆಂದು ನಂದಿಬಟ್ಟಲು ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು, ಕಣ್ಣಿಗೆ ತಂಪೆಂದು.

ಗುರುತು ಹಾಕುವುದು ಕೂರಿಸಿಕೊಂಡೇ. ಮಲಗಿದರೆ ಚರ್ಮ ಹಿಂದಕ್ಕೆ ಸರಿದು ಎಲ್ಲರೂ ಇಪ್ಪತ್ತೈದರವರಾಗಿಬಿಡುತ್ತಾರಂತೆ. ಡಾಕ್ಟರಮ್ಮ ಚಿಮಟದಲ್ಲಿ ಚರ್ಮ ಚಿವುಟಿ, ಪೆನ್ನಿನಲ್ಲಿ ಗೆರೆ ಎಳೆದು, ಅಳತೆಪಟ್ಟಿ ಇಟ್ಟು ನೋಡಿದಳು. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ 20 ಮಿಲಿಮೀಟರಾದರೂ ಚರ್ಮ ಉಳಿಯಲೇಬೇಕು, ಇಲ್ಲದಿದ್ದರೆ ಕಣ್ಣು ಮುಚ್ಚುವುದಕ್ಕೇ ಆಗುವುದಿಲ್ಲ. ಮನೆ ಕಟ್ಟಿಸಿದಾಗ ಸುತ್ತಲೂ ಒಂದಡಿ ಸೆಟ್‌ಬ್ಯಾಕ್ ಬಿಡದೆ ಅಕ್ರಮ-ಸಕ್ರಮದ ದಾರಿ ಕಾಯುತ್ತ ಕೂತವನು ನಾನು. ಕಣ್ಣಿನ ವಿಷಯದಲ್ಲಿ ಮಾತ್ರ, “ಬೇಕಾದ್ರೆ 22 ಬಿಡಮ್ಮ” ಎಂದೆ.

ಅರಿವಳಿಕೆ ರೆಪ್ಪೆಗಷ್ಟೇ, ಉಳಿದ ನಾನು ಪೂರ್ತಿ ಎಚ್ಚರ. ಇದಕ್ಕಾದರೂ ಸಾಕ್ಷಿಗಳಿದ್ದಾರೆ. ಚುಚ್ಚಿದಾಗ ಉರಿಯಿತು, ಆಮೇಲೆ ಎಲ್ಲ ಬೇರೆ ಯಾರದ್ದೋ ಮನೆಯಲ್ಲಿ ನಡೆಯುತ್ತಿರುವಂತೆ. ರಕ್ತ ನಿಲ್ಲಿಸಲು ಸುಟ್ಟಾಗ ಹೊಸ್ತೊಡಕಿನ ದಿನ ಬೀದಿಯಲ್ಲಿ ತಲೆಮಾಂಸ ಸುಡುವ ವಾಸನೆ. ‘ಇದು ನಾನೇ’ ಎಂದು ತಿಳಿಯಲು ಎರಡು ಗಳಿಗೆ ಹಿಡಿಯಿತು. ಮಲಗಿಕೊಂಡು ನಿಮಿ ಚಕ್ರವರ್ತಿಯನ್ನು ನೆನೆದೆ. ವಸಿಷ್ಠರ ಶಾಪದಿಂದ ದೇಹ ಕಳೆದುಕೊಂಡವನು. ಮತ್ತೆ ದೇಹ ಕೊಡುತ್ತೇವೆಂದು ದೇವತೆಗಳು ಬಂದರೆ ‘ಬೇಡಪ್ಪ ಈ ಸಹವಾಸ’ ಎಂದು, ಜೀವಿಗಳ ರೆಪ್ಪೆಯ ಮೇಲೆ ವಾಸ ಮಾಡಿಕೊಂಡವನು. ರೆಪ್ಪೆ ಬಡಿಯುವುದು ಅವನಿಂದ, ‘ನಿಮಿಷ’ ಎನ್ನುವ ಹೆಸರೂ ಅವನಿಂದ ಎಂದು ಪುರಾಣ. ಬೇರೆಯವರ ರೆಪ್ಪೆಯ ಮೇಲೆ ಒಂಟಿಕಾಲಲ್ಲಿ ತಪಸ್ಸಿನಂತೆ ಇದ್ದಿರಬಹುದು. ನನ್ನ ರೆಪ್ಪೆಯ ಮೇಲೆ ಊಟ ತಿಂಡಿ ಚೆನ್ನಾಗಿ ನಡೆದು ಮೈಬಂದಿತ್ತು. ಐವತ್ತೈದು ವರ್ಷದ ಬಾಡಿಗೆದಾರನನ್ನು ಮುಕ್ಕಾಲು ಗಂಟೆಯಲ್ಲಿ ಎಬ್ಬಿಸಿದರು. ತೆಗೆದ ಎರಡು ತುಣುಕು ಚರ್ಮವನ್ನು ಗಾಜ್ ಬಟ್ಟೆಯ ಮೇಲಿಟ್ಟು ತೋರಿಸಿದಾಗ ಒಣಗಿದ ಕರಿಬೇವಿನೆಲೆಯಂತಿತ್ತು. 70,800 ಭಾಗಿಸು ಎರಡು.

ಮೊದಲೆರಡು ದಿನ ತಣ್ಣಗಿನದು ಒತ್ತಬೇಕು. ಹೆಪ್ಪುಗಟ್ಟಿದ ಬಟಾಣಿ ಚೀಲ ಒಳ್ಳೆಯದು, ಕಣ್ಣಿನ ಆಕಾರಕ್ಕೆ ಹೊಂದಿಕೊಳ್ಳುತ್ತದೆ ಎಂದು ನರ್ಸು ಹೇಳಿದ್ದಳು. ಅವರೆಕಾಯಿ ಕಾಲದಲ್ಲಿ ನಮ್ಮ ಮನೆಯಲ್ಲಿ ಬಟಾಣಿಗೆ ಎಲ್ಲಿಯ ಜಾಗ? ಫ್ರೀಜರಿನಲ್ಲಿ ಇದ್ದದ್ದು ಹಿತಕಿದ ಅವರೆಬೇಳೆ. ನೆನೆಸಿ, ಸಿಪ್ಪೆಯನ್ನು ಬೆರಳಿನಲ್ಲಿ ಹಿತುಕಿ ತೆಗೆದ ಬೇಳೆಯನ್ನು, ಹಾಗೇ ಸಿಪ್ಪೆ ತೆಗೆಸಿಕೊಂಡ ನಾನು ಕಣ್ಣ ಮೇಲಿಟ್ಟುಕೊಂಡು ಮಲಗಿದೆ. ಎರಡನೆಯ ದಿನ ರಾತ್ರಿ ಅದೇ ಬೇಳೆ ಸಾರಾಗಿ ತಟ್ಟೆಗೆ ಬಂತು. ಕೇಳಬಾರದೆಂದುಕೊಂಡು ಕೇಳಿದೆ. “ಬಿಸಾಕಕ್ಕಾಗತ್ತೇನ್ರೀ? ಕೂತು ಹಿತುಕಿದೋಳು ನಾನು” ಎಂದಳು.

ಮೂರನೆಯ ದಿನಕ್ಕೆ ಎರಡೂ ಕಣ್ಣಿನ ಸುತ್ತ ನೇರಳೆ, ನೀಲಿ, ಅಂಚಿನಲ್ಲಿ ಅರಿಶಿನ. ಒಳ್ಳೆ ಇಳಕಲ್ ಸೀರೆಯ ಬಣ್ಣ. ಯಾರಿಗೂ ಹೇಳಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು, ನನ್ನದೇ ಅಪ್ಪಣೆ. ಹಾಗಾಗಿ ಹಾಲಿನವನು ಬಾಗಿಲಲ್ಲಿ ನನ್ನನ್ನು ಕಂಡು ಪ್ಯಾಕೆಟ್ಟು ಕೊಡುವುದನ್ನು ಮರೆತು ನಿಂತಾಗ ನಾನೇನೂ ಹೇಳಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಬಹಳ ಹೊತ್ತು ನೋಡಿ, “ಮನೇಲಿ ಎಲ್ಲಾ... ಸರಿಯಾಗಿದೀರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ವಾರದೊಳಗೆ ಬೀದಿಯಲ್ಲಿ ನನ್ನ ಹೆಂಡತಿಯ ಸ್ಥಾನಮಾನ ಏರಿತ್ತು. ತರಕಾರಿಯವನು ಚೌಕಾಸಿಯಿಲ್ಲದೆ ಎರಡು ಕಟ್ಟು ಕೊತ್ತಂಬರಿ ಹೆಚ್ಚು ಹಾಕಿದ. ವರ್ಷದಿಂದ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಿದ್ದ ಎದುರು ಮನೆಯವನು ಅವತ್ತಿನಿಂದ ಬೇರೆ ಕಡೆ ನಿಲ್ಲಿಸುತ್ತಿದ್ದಾನೆ. “ನಿಜ ಹೇಳ್ಬಿಡೋಣ” ಎಂದೆ. “ಇರಲಿ ಬಿಡಿ, ನೀವೇ ತಾನೆ ಗುಟ್ಟು ಅಂದದ್ದು?” ಎಂದಳು, ಕೊತ್ತಂಬರಿ ಎಣಿಸುತ್ತ.

ರಾತ್ರಿಯದು ಇನ್ನೊಂದು ಕಥೆ. ಊತ ಇಳಿಯುವವರೆಗೆ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಮುಲಾಮು ಹಚ್ಚಿ ಮಲಗಬೇಕು. ಎಚ್ಚರವಿದ್ದಾಗ ಮಲಗಿದವನಂತೆ ಕಾಣುತ್ತಿದ್ದ ನಾನು ಈಗ ಮಲಗಿದಾಗ ಎಚ್ಚರವಿದ್ದವನಂತೆ ಕಾಣತೊಡಗಿದೆ. ದೇವತೆಗಳು ಎವೆಯಿಕ್ಕುವುದಿಲ್ಲವಂತೆ; ಸ್ವಯಂವರದಲ್ಲಿ ಐದು ಜನ ನಳರು ಸಾಲಾಗಿ ಕೂತಾಗ ದಮಯಂತಿ ತನ್ನವನನ್ನು ಕಂಡುಹಿಡಿದದ್ದು ರೆಪ್ಪೆ ಬಡಿದದ್ದರಿಂದ, ಮೈ ಬೆವರಿದ್ದರಿಂದ. ಮಧ್ಯರಾತ್ರಿ ನನ್ನ ದಮಯಂತಿ ಎದ್ದು, ಮಿಟುಕದ ನನ್ನ ಕಣ್ಣಿನಲ್ಲಿ ಬೀದಿದೀಪ ಹೊಳೆಯುವುದನ್ನು ಕಂಡು ಹೌಹಾರಿ, ಮೂಗಿನ ಹತ್ತಿರ ಬೆರಳಿಟ್ಟು, ಗೊರಕೆಯಿಂದ ಇವನು ದೇವತೆಯಲ್ಲ ಎಂದು ಖಚಿತಪಡಿಸಿಕೊಂಡು ಮಲಗಿದಳಂತೆ.

ಏಳನೆಯ ದಿನ ಹೊಲಿಗೆ ತೆಗೆದರು. ಎರಡು ವಾರಕ್ಕೆ ಇಳಕಲ್ ಸೀರೆ ಮಾಸಿತು. ಕನ್ನಡಿಯಲ್ಲಿ ಕಣ್ಣು ಕಾಣಿಸಿತು. ಷಡ್ಡಕನ ಹುಣಸೆಬೀಜವಲ್ಲದಿದ್ದರೂ ಒಂದು ಮಟ್ಟಕ್ಕೆ ಹಲಸಿನ ಬೀಜ. ಆಫೀಸಿನಲ್ಲಿ ಎಲ್ಲರೂ, “ಏನ್ ಸಾರ್, ತೂಕ ಇಳಿಸಿದ್ರಾ? ಹೇರ್ ಡೈ ಬದಲಾಯಿಸಿದ್ರಾ?” ಎಂದು ಕೇಳಿದರು, ಕಣ್ಣಿನ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಇರಲಿ. ನಷ್ಟವಾದದ್ದು ಮನೆಯಲ್ಲಿ. ಭಾರ ಹೊತ್ತ ರೆಪ್ಪೆಯನ್ನು ಎತ್ತಲು ಇಷ್ಟು ವರ್ಷ ಹಣೆಯ ಸ್ನಾಯು ಹುಬ್ಬನ್ನು ಸದಾ ಏರಿಸಿಡುತ್ತಿತ್ತು; ಭಾರ ಹೋದ ಮೇಲೆ ಅದು ಕೆಲಸ ಬಿಟ್ಟಿತು. ಹುಬ್ಬು ಇಳಿಯಿತು, ಹಣೆಯ ಗೆರೆ ತಿಳಿಯಾಯಿತು. ಒಂದು ಸಂಜೆ ಹೆಂಡತಿ ತನ್ನ ತಂಗಿಯ ಮನೆಯ ದೀರ್ಘ ವೃತ್ತಾಂತ ಹೇಳುತ್ತ ನಡುವೆ ನಿಲ್ಲಿಸಿದಳು.

“ಮೊದಲು ನಾನು ಏನಾದ್ರೂ ಹೇಳ್ತಿದ್ರೆ ಹುಬ್ಬೇರಿಸಿ, ಹಣೆ ಸುಕ್ಕು ಮಾಡ್ಕೊಂಡು ಕೇಳ್ತಿದ್ರಿ.”

“ಹ್ಞೂಂ.”

“ಅದೂ ಚರ್ಮಾನೇನಾ?”

ಈ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಭಾನುವಾರ ಕಾಫಿ ಕುಡಿದು ಕುರ್ಚಿಗೆ ಒರಗಿ ಸುಮ್ಮನೆ ಮೇಲೆ ನೋಡಿದೆ. ನಮ್ಮ ಮನೆಗೆ ಚಾವಣಿ ಇರುವುದೇ ಅವತ್ತು ತಿಳಿದಂತಾಯಿತು. ಮೂಲೆಮೂಲೆಯಲ್ಲಿ ಬೂದುಬಣ್ಣದ ಜೋಕಾಲಿಗಳು. ಫ್ಯಾನಿನ ರೆಕ್ಕೆಯಂಚಿಗೆ ಕರಡಿಯ ತುಪ್ಪಳ. ಅಟ್ಟದ ಮೇಲೆ 2011ರಲ್ಲಿ ಕಳೆದುಹೋಯಿತೆಂದು ನಾನು ಕೆಲಸದವಳನ್ನು ಅನುಮಾನಿಸಿದ್ದ ಹಿತ್ತಾಳೆ ಕೊಳಗ. ತಡೆಯಲಾರದೆ, “ಅಬ್ಬಾ, ಏನು ಬಲೆ!” ಎಂದುಬಿಟ್ಟೆ.

ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಸರಿದ ಸದ್ದಾಯಿತು.

ಹೆಂಡತಿ ಒಂದು ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ, ಇನ್ನೊಂದು ಕೈಯಲ್ಲಿ ಉದ್ದ ಕೋಲಿನ ಪೊರಕೆ ಹಿಡಿದು ಬಂದಳು. ಕಾಗದ ಬಿಚ್ಚಿ, ಮೇಲ್ಭಾಗದ ಅಮಾವಾಸ್ಯೆಯ ಮೇಲೆ ಬೆರಳಿಟ್ಟು, “ಇದು ಹೋಯ್ತಾ?” ಎಂದಳು. ಹೋಗಿಲ್ಲವೆಂದರೆ 70,800 ದಂಡ. ಹೋಯಿತೆಂದರೆ ಪೊರಕೆ. ನಮ್ಮ ಆಫೀಸಿನ ಆ ಹುಡುಗನಿಗೂ ಇಷ್ಟು ಬಿಗಿಯಾಗಿ ಕಾಗದ ಕಟ್ಟಲು ಬರುವುದಿಲ್ಲ.

ತಲೆಗೆ ಟವೆಲು ಸುತ್ತಿ ಸ್ಟೂಲು ಹತ್ತಿದೆ. ಡಾಕ್ಟರಮ್ಮ ಕಣ್ಣಿಗೆ ಧೂಳು ತಾಕಿಸಬೇಡಿ ಎಂದಿದ್ದನ್ನು ನೆನಪಿಸಿದೆ. ಗಾಯಕ್ಕೆಂದು ಕೊಂಡ ಕಪ್ಪು ಕನ್ನಡಕವನ್ನು ತಂದು ಹಾಕಿದಳು. ಎರಡು ಗಂಟೆ ಹೊತ್ತು ಹಾಲು, ನಡುಮನೆ, ಅಟ್ಟ, ಫ್ಯಾನು ಎಲ್ಲ ಮುಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಸ್ಟೂಲಿನಿಂದ ಒಂದು ಕಾಲು ಕೆಳಗಿಟ್ಟೆ.

ದೇವರಮನೆಯ ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ಅಮ್ಮ ಗಲ್ಲ ಮೇಲೆತ್ತಿದಳು. ಹುಬ್ಬು ಏರಿಸಿದಳು. ಚಪ್ಪರದಂತೆ ಇಳಿಬಿದ್ದ ರೆಪ್ಪೆಯ ಅಡಿಯಿಂದ ಚಾವಣಿಯ ಆ ತುದಿಯಿಂದ ಈ ತುದಿಗೆ ಒಂದು ಸುತ್ತು ನೋಡಿದಳು.

“ಆ ಗಡಿಯಾರದ ಹಿಂದುಗಡೆ ಒಂದು ಬಿಟ್ಟಿದೀಯಲ್ಲೋ ಮಗಾ.”